ತೊಟ್ಟಿ ಹರಳಾಗುವಷ್ಟು ಮಾತು

ನಮ್ಮೂರಲ್ಲಿ ಯಾರಾದ್ರೂ ಕೈಯಿಂದ ಬಾಯಿ ಮುಚ್ಚಿಕೊಂಡು ಓಡಿ ಬರ್ತಿದ್ದಾರೆ ಅಂದ್ರೆ ಅವರ ಮನೇಲಿ ಏನೋ ಸುದ್ದಿ ಹುಟ್ಟಿದೆ ಅಂತ ಅರ್ಥ. ದಾರೀಲಿ ಯಾರು ಮಾತಾಡಿಸಿದರೂ ನಿಲ್ಲಲ್ಲ, ಕೈಸನ್ನೆ ಮಾಡಿ ಮುಂದೆ ಹೋಗ್ತಾರೆ. ನೆಟ್ಟಗೆ ನಮ್ಮನೆಗೆ ಬಂದು, ನಾನು ಒಲೆ ಮುಂದೆ ಇದ್ದರೂ ಸರಿ, ತಲೆಗೆ ಎಣ್ಣೆ ಹಚ್ಕೊಂಡು ಕೂತಿದ್ದರೂ ಸರಿ, ನನ್ನ ಕಿವಿಗೆ ಬಾಯಿಟ್ಟು ಪಿಸಪಿಸ ಅಂತ ಹೇಳಿ, ಆಮೇಲೆ ಉಸ್ಸಪ್ಪಾ ಅಂತ ಉಸಿರು ಬಿಡ್ತಾರೆ. ಹಾಗಾಗಿ ಸೊಸೆ ಬಸುರಿ ಅನ್ನೋದು ಅತ್ತೆಗಿಂತ ಮೊದಲು ನನಗೆ ಗೊತ್ತು. ಯಾರ ಹಸು ಅವಳಿ ಕರು ಹಾಕ್ತು, ಯಾರ ಹಲ್ಲುಸೆಟ್ಟು ಪಾಯಸದ ಪಾತ್ರೇಲಿ ಸಿಕ್ತು, ಎಲ್ಲ ಮೊದಲು ನನಗೇ. ನನ್ನ ಹೆಸರು ಚೆನ್ನಾಜಮ್ಮ. ಊರಿನ ತೊಟ್ಟಿಗೆ ಮಾತಾಡೋಳು ನಾನು.

ತೊಟ್ಟಿ ಅಂದ್ರೆ ನೀರಿನ ತೊಟ್ಟಿ ಅಲ್ಲ, ಹಿಟ್ಟಿನ ತೊಟ್ಟಿ. ಊರ ಹಿಂದಿನ ಗುಡ್ಡದ ಮಣ್ಣನ್ನು ಕಾರ್ಖಾನೆಯವರು ಆಸಿಡ್‌ನಲ್ಲಿ ಕರಗಿಸಿ, ಬೇಡದ್ದನ್ನೆಲ್ಲ ಬೇರೆ ಮಾಡಿ, ಉಳಿದ ತಿಳಿಯನ್ನ ಈ ತೊಟ್ಟಿಗೆ ಬಿಡ್ತಾರೆ. ಅದಕ್ಕೆ ನಮ್ಮ ಅಡುಗೆ ಸೋಡಾದ ದೊಡ್ಡಣ್ಣನಂಥ ಒಂದು ಪುಡಿ ಕದಡಿ ಹುಯ್ದರೆ ಸಾಕು, ಬುಸ್ ಅಂತ ನೊರೆಯೆದ್ದು ತೊಟ್ಟಿಯೆಲ್ಲ ತಿಳಿನೇರಳೆ ಲೋಳೆ. ಆ ಲೋಳೆಯನ್ನ ಸೋಸೋಕಾಗಲ್ಲ, ಬಟ್ಟೆಗೆ ಮೆತ್ತಿಕೊಂಡು ಕೂತುಬಿಡುತ್ತೆ. ಅದು ಹರಳುಹರಳಾಗಿ ತಳಕ್ಕೆ ಇಳಿಯಬೇಕು. ಆಮೇಲೆ ಸೋಸಿ, ಬಿಸಿನೀರಲ್ಲಿ ತೊಳೆದು, ಒಣಗಿಸಿದರೆ ಹಿಟ್ಟು. ಬೇರೆ ಕಡೆ ಬೆಚ್ಚಗಿಟ್ಟು ಕಲಕ್ತಾ ಇದ್ದರೆ ತಾನಾಗಿ ಹರಳಾಗುತ್ತಂತೆ. ನಮ್ಮೂರ ತೊಟ್ಟಿಗೆ ಅಷ್ಟು ಸಾಲದು, ಅದಕ್ಕೆ ಮಾತು ಬೇಕು.

ಎಂಥ ಮಾತಾದರೂ ನಡೆಯಲ್ಲ ಮತ್ತೆ. ಈ ಊರಲ್ಲೇ ನಡೆದದ್ದಾಗಿರಬೇಕು, ನಿಜವಾಗಿರಬೇಕು, ಅಲ್ಲಿಯವರೆಗೆ ಯಾರೂ ಅದನ್ನ ಬಾಯಿಬಿಟ್ಟು ಗಟ್ಟಿಯಾಗಿ ಹೇಳಿರಬಾರದು. ಒಂದು ಸಲ ಗಟ್ಟಿಯಾಗಿ ಆಡಿದ ಮಾತು ಹಳಸಿತು ಅಂತಲೇ ಲೆಕ್ಕ, ತೊಟ್ಟಿ ಮೂಸಿಯೂ ನೋಡಲ್ಲ. ಪಿಸುಮಾತಿಗೆ ಅಡ್ಡಿಯಿಲ್ಲ, ಅದು ಹಳಸಲ್ಲ. ಆದರೆ ಪಿಸುಮಾತಿಗೆ ಹರಳೂ ಬೀಳಲ್ಲ. ಮತ್ತೆ ಹರಳು ಬೀಳೋವರೆಗೆ ಮಾತು ನಿಲ್ಲಬಾರದು, ಎಳೆ ಕಡಿಯದ ಹಾಗೆ ಹೇಳ್ತಾನೇ ಇರಬೇಕು. ಯಾಕೆ ಹೀಗೆ ಅಂತ ನನ್ನ ಕೇಳಬೇಡಿ. ನಮ್ಮತ್ತೆ ಅವರತ್ತೇನ ಕೇಳಲಿಲ್ಲ, ನಾನು ನಮ್ಮತ್ತೇನ ಕೇಳಲಿಲ್ಲ.

ತೊಟ್ಟಿಯ ಅಂಚಿಗೆ ಒಂದು ಹಲಸಿನ ಮಣೆ ಇದೆ. ಅದರ ಮೇಲೆ ಕೂತು ಮಾತಾಡಬೇಕು. ಎದುರಿಗೆ ಕಲ್ಲಿನ ಮೆಟ್ಟಿಲು, ಅಲ್ಲಿ ಊರಿಗೆ ಊರೇ ಬಂದು ಕೂರುತ್ತೆ. ಬರದೆ ಏನು ಮಾಡ್ತಾರೆ ಹೇಳಿ, ಪಕ್ಕದ ಮನೆ ಸುದ್ದಿ ಕೇಳೋಕೂ ಇಲ್ಲಿಗೇ ಬರಬೇಕಲ್ಲ! ಕಡಲೆಕಾಯಿ ತಂದ್ಕೊಂಡು, ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಕೇಳ್ತಾರೆ. ನಾನೂ ಬಿಡೋಳಲ್ಲ. ಒಂದು ಹಲ್ಲುಸೆಟ್ಟಿನ ಸುದ್ದಿ ಸಿಕ್ಕರೆ ಪಾಯಸಕ್ಕೆ ಗೋಡಂಬಿ ಹುರಿಯೋದರಿಂದ ಶುರು ಮಾಡಿ, ಯಾರ ಪಕ್ಕ ಯಾರು ಕೂತಿದ್ದರು, ಯಾರು ಎರಡನೇ ಸಲ ಹಾಕಿಸ್ಕೊಂಡರು, ಎಲ್ಲ ಹೇಳಿ, ಹಲ್ಲು ಕೈಗೆ ಬರೋ ಹೊತ್ತಿಗೆ ಹರಳು ತಳ ಸೇರಿರುತ್ತೆ. ನನ್ನ ಬಾಯಿಂದ ಲೋಳೆ ಲೋಳೆಯಾಗೇ ಉಳಿದ ತೊಟ್ಟಿ ಒಂದೂ ಇಲ್ಲ. ಜಂಬ ಅಂದ್ಕೊಂಡರೂ ಅಂದ್ಕೊಳ್ಳಿ. ಒಂದೇ ಒಂದು ಕಟ್ಟು ಏನಪ್ಪಾ ಅಂದ್ರೆ, ತೊಟ್ಟಿ ಲೋಳೆಯಾಗಿ ಕೆಟ್ಟರೆ ಅವತ್ತು ಕೂತಿದ್ದೋರು ಮಣೆ ಬಿಡಬೇಕು, ಮತ್ತೆ ಯಾವತ್ತೂ ಕೂರೋ ಹಾಗಿಲ್ಲ. ಆ ಮಣೆ ಹೋದರೆ ನನಗೆ ಇನ್ನೇನಿದೆ? ಮಾತು ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿಲ್ಲ.

ನಮ್ಮ ಹಿಟ್ಟಿನ ಸೊಗಸು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಕಾರ್ಖಾನೆ ಬೋರ್ಡಿನ ಮೇಲೆ ನಿಯೋಡಿಮಿಯಂ ಕಾರ್ಬೊನೇಟ್ ಅಂತ ದೊಡ್ಡ ಹೆಸರು ಬರೆದಿದೆ. ನಮಗೆ ಅದು ಹಿಟ್ಟು ಅಷ್ಟೇ. ಬಿಸಿಲಲ್ಲಿ ಹಿಡಿದರೆ ತಿಳಿನೇರಳೆ, ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ತಿಳಿನೀಲಿ. ಇದನ್ನ ಹಾಕಿ ಮಾಡಿದ ಗಾಜಿನ ಬಳೆಯೂ ಹಾಗೇ, ಅಂಗಡಿಯ ಲೈಟಿನಲ್ಲಿ ನೀಲಿ ಅಂತ ಕೊಂಡು ತರ್ತಾರೆ, ಬೀದಿಗೆ ಬಂದರೆ ನೇರಳೆ! ಹೊಸದಾಗಿ ಮದುವೆಯಾಗಿ ಬಂದ ಹುಡುಗೀರು ಬಳೆ ಬದಲಾಯಿಸ್ಕೊಡಿ ಅಂತ ಅಂಗಡಿಗೆ ವಾಪಸ್ ಓಡೋದು ನೋಡಬೇಕು ನೀವು. ನೀರಲ್ಲಿ ದಿನಗಟ್ಟಲೆ ನೆನೆಹಾಕಿದರೂ ಹಿಟ್ಟು ಕರಗಲ್ಲ, ಒಂದು ಹನಿ ಆಸಿಡ್ ಬಿದ್ದರೆ ಬುಸ್ಸಂತ ನೊರೆ ಕಾರಿ ಕರಗಿಹೋಗುತ್ತೆ. ಕುಲುಮೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಒಳಗಿನ ಗಾಳಿಯೆಲ್ಲ ಬಿಟ್ಟು ಹಗುರಾಗಿ ಬೂದುನೀಲಿ ಪುಡಿಯಾಗುತ್ತೆ. ಆ ಪುಡಿಯಿಂದ ಲೋಹ ತೆಗೆದು, ಕಬ್ಬಿಣ ಬೆರೆಸಿ ಅಯಸ್ಕಾಂತ ಮಾಡ್ತಾರೆ, ಬೆರಳಿನ ಉಗುರಿನಷ್ಟಿದ್ದರೂ ಬಾಣಲೆ ಎತ್ತುತ್ತೆ. ಫ್ಯಾನಿನಲ್ಲಿ, ಸ್ಪೀಕರಿನಲ್ಲಿ, ಮೊಬೈಲಿನಲ್ಲಿ, ಎಲ್ಲ ಕಡೆ ಅದೇ.

ಆ ಅಯಸ್ಕಾಂತಗಳ ಜೊತೆಗೇ ನಮ್ಮನೆಯವರ ಬದುಕು. ಇವರ ಹೆಸರು ನಾನು ಹೇಳಲ್ಲ, ಊರವರು ಮರಿಸ್ವಾಮಣ್ಣ ಅಂತಾರೆ. ರೇಡಿಯೋ, ಮಿಕ್ಸಿ, ಫ್ಯಾನು, ಸ್ಪೀಕರು ರಿಪೇರಿ ಮಾಡ್ತಾರೆ. ಕೈ ಬಲು ಚುರುಕು, ಬಾಯಿ ಮಾತ್ರ ಬೀಗ ಹಾಕಿದ್ದು. "ಹೂಂ", "ಆಯ್ತು", "ಉಪ್ಪು" — ಇಷ್ಟರಲ್ಲಿ ಇವರ ಸಂಸಾರ ಮುಗೀತು. ಊರಿಗೆಲ್ಲ ಮಾತು ಹಂಚೋಳ ಗಂಡ ಹೀಗೆ ಅಂತ ಜನ ನಗ್ತಾರೆ, ನಾನೂ ನಗ್ತೀನಿ. ಅಂಗಡಿ ಬೇರೆ, ಬಸ್‌ಸ್ಟ್ಯಾಂಡಿನ ಹತ್ತಿರ ಒಳ್ಳೆ ಜಾಗ ಸಿಕ್ಕಿದ್ದರೂ ಬಿಟ್ಟು, ತೊಟ್ಟಿಯ ಹಿಂಗೋಡೆಗೆ ಒತ್ತಿಕೊಂಡು ಒಂದು ಗೂಡಲ್ಲಿ ಇಟ್ಕೊಂಡಿದ್ದಾರೆ. ನಾನು ಮಣೆ ಹಿಡಿದ ಹೊಸದರಲ್ಲಿ ಇದಕ್ಕೆ ಎಷ್ಟು ಜಗಳ ಆಡಿದೆ ಅಂತೀರಿ! ನಾನು ಆಡಿದೆ, ಇವರು "ಹೂಂ" ಅಂದರು.

ಈಗ ಆ ದಿನದ ವಿಷಯಕ್ಕೆ ಬರ್ತೀನಿ. ದೂರದ ಊರಿಂದ ದಾವೂದ್ ಸಾಹೇಬರು ಅಂತ ಒಬ್ಬರು ಬಂದಿದ್ದರು. ಬಿಳಿ ಗಡ್ಡ, ಕೆಂಪು ಕಣ್ಣು. ಅವರ ಕಡೆಯವರೆಲ್ಲ ಗಾಜು ಊದೋರು, ಉರಿಯ ಮುಂದೆ ಗಾಜಿನ ಕೊಳವೆ ಹಿಡಿದು ಆಸ್ಪತ್ರೆಗೆ, ಲ್ಯಾಬಿಗೆ ಬೇಕಾದ ಸೀಸೆಗಳನ್ನ ಮಾಡೋರು. ಗಾಜು ಕಾಯ್ದಾಗ ಕಣ್ಣು ಕುಕ್ಕೋ ಹಳದಿ ಬೆಳಕು ಬರುತ್ತಂತೆ, ಆ ಬೆಳಕಿನ ಹಿಂದೆ ಕೈಯಲ್ಲಿರೋ ಗಾಜೇ ಕಾಣಲ್ಲವಂತೆ. ನಮ್ಮ ಹಿಟ್ಟು ಹಾಕಿದ ಗಾಜಿನ ಕನ್ನಡಕ ಇಟ್ಟರೆ ಆ ಹಳದಿಯನ್ನಷ್ಟೇ ಅದು ನುಂಗಿಬಿಡುತ್ತೆ, ಮಿಕ್ಕದ್ದೆಲ್ಲ ತಿಳಿಯಾಗಿ ಕಾಣುತ್ತೆ. ಅವರು ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಹಾಕಿ, ತಮ್ಮ ಹಳೇ ಕನ್ನಡಕವನ್ನ ನನ್ನ ಮೂಗಿಗೆ ಏರಿಸಿ ತೋರಿಸಿದರು. ಮೊದಲು ಭಗ್ ಅಂತ ಹಳದಿ ಎದ್ದಿದ್ದ ಉರಿ, ಕನ್ನಡಕ ಇಟ್ಟ ತಕ್ಷಣ ಹಳದೀನೇ ಇಲ್ಲ! "ಅಯ್ಯೋ ಶಿವನೇ, ಎಲ್ಲಿ ಹೋಯ್ತು ಸಾಹೇಬ್ರೇ?" ಅಂದೆ. ಅವರು ನಕ್ಕು, "ಅದು ಹೋಗೋ ಜಾಗ ನಿಮ್ಮೂರಿಂದ ಬರುತ್ತಮ್ಮಾ. ನಮ್ಮ ಹುಡುಗರಿಗೆಲ್ಲ ಹೊಸ ಕನ್ನಡಕ ಆಗಬೇಕು. ಇರೋವನ್ನ ಮೂರು ಜನ ಹಂಚ್ಕೊಂಡು ಹಾಕ್ತಿದ್ದಾರೆ. ನನ್ನ ಕಣ್ಣು ಹೋದಷ್ಟು ಹೋಯ್ತು, ಅವರದ್ದು ಉಳೀಲಿ" ಅಂದರು. ಆ ಸಲದ ತೊಟ್ಟಿ ಪೂರ್ತಿ ಅವರಿಗೇ ಅಂತ ಆಯ್ತು. ಗುಡ್ಡದ ಮಣ್ಣು ತೆಗೆಯೋದು ಮಳೆಗಾಲಕ್ಕೆ ನಿಂತುಹೋಗಿತ್ತು, ಇದ್ದದ್ದು ಆ ಒಂದೇ ತೊಟ್ಟಿ.

ತೊಟ್ಟಿಯ ಹಿಂದಿನ ದಿನ ಸಾಯಂಕಾಲ ನಮ್ಮೂರ ಹುಡುಗೀರ ಖೋ ಖೋ ಪಂದ್ಯ. ಯಾವತ್ತೂ ಗೆಲ್ಲದವರು ಅವತ್ತು ಗೆಲ್ಲೋ ಹಾಗೆ ಕಂಡರು. ನಾನು ಸುಮ್ಮನೆ ಕೂರೋಕಾಗುತ್ತಾ? ಬೇಲಿ ಹತ್ತಿ ನಿಂತು, "ಓಡೇ, ಓಡೇ, ಹಿಡಿಯೇ ಅವಳನ್ನ!" ಅಂತ ಕೂಗಿದ್ದೇ ಕೂಗಿದ್ದು. ಗೆದ್ದೇಬಿಟ್ಟರು! ಮೈಕ್ ಪಾಪಣ್ಣ ಅಂತ ಒಬ್ಬ ಇದ್ದಾನೆ, ಆಟೋದಲ್ಲಿ ಮೈಕ್ ಕಟ್ಕೊಂಡು ಊರಿಗೆಲ್ಲ ಪ್ರಚಾರ ಮಾಡೋನು. ಅವನು ಖುಷಿಗೆ ಮೈಕ್ ಹಿಡಿದು ಗೆದ್ದ ಸುದ್ದಿ ಕೂಗಿದ, ಕೂಗಿದ ಹುಮ್ಮಸ್ಸಿನಲ್ಲೇ ತನ್ನ ಮಗಳಿಗೆ ಗಂಡು ಗೊತ್ತಾಗಿದ್ದನ್ನೂ ಕೂಗಿಬಿಟ್ಟ. ಅದೇ ನಾನು ಮಾರನೇ ದಿನದ ತೊಟ್ಟಿಗೆ ಅಂತ ಎತ್ತಿಟ್ಟಿದ್ದ ಮುಖ್ಯ ಸುದ್ದಿ! "ನಿನ್ನ ಬಾಯಿಗೆ ಮಣ್ಣು ಹಾಕ, ಪಾಪಣ್ಣ" ಅಂದೆ. ಆಗಲೇ ಗಂಟಲು ಕರಕರ ಅಂತಿತ್ತು. ಬಿಸಿನೀರು ಕುಡಿದು ಮಲಗಿದೆ.

ತೊಟ್ಟಿಯ ದಿನ ಎದ್ದಾಗಿಂದ ಮಣೆ ಮೇಲೆ ಕೂರೋವರೆಗೆ ನಾನು ತುಟಿ ಬಿಚ್ಚಬಾರದು ಅನ್ನೋದು ಪದ್ಧತಿ. ಅತ್ತೆ ಕಾಲದಿಂದ ಹಾಗೇ, ಮಾತು ಬಿಸಿಯಾಗಿರಬೇಕು ಅಂತ. ಅವತ್ತೂ ಮೌನವಾಗಿ ಮಿಂದೆ, ಮೌನವಾಗಿ ಇಡ್ಲಿ ತಿಂದೆ, ಸಿಂಗಾರ ಮಾಡ್ಕೊಂಡು ಮೆಟ್ಟಿಲಿಳಿದು ಬಂದೆ. ಜನ ಆಗಲೇ ತುಂಬಿದ್ದರು. ಕಾರ್ಖಾನೆಯ ಕೆಮಿಸ್ಟು ಫಿಲೋಮಿನಾ ಮೇಡಂ ನನ್ನ ಕಡೆ ನೋಡಿ ತಲೆಯಾಡಿಸಿ, ಸೋಡಾ ನೀರು ಬಿಟ್ಟರು. ಬುಸ್ಸಂತ ನೊರೆ ಎದ್ದಿತು, ಇಳೀತು, ತೊಟ್ಟಿಯೆಲ್ಲ ಲೋಳೆಯಾಯ್ತು. ಮಣೆ ಮೇಲೆ ಕೂತು, ಸೆರಗು ಸರಿ ಮಾಡ್ಕೊಂಡು ಬಾಯಿ ತೆಗೆದೆ. ಏನೂ ಬರಲಿಲ್ಲ. ಗಾಳಿ ಬಂತು, ಅಷ್ಟೇ. ಇನ್ನೊಂದು ಸಲ ತೆಗೆದೆ. ಸೈಕಲ್ ಟ್ಯೂಬಿಗೆ ಮುಳ್ಳು ಚುಚ್ಚಿದಾಗ ಬರುತ್ತಲ್ಲ, ಅಂಥ ಸದ್ದು. ಮೊದಲು ಜನ ನಾನು ತಮಾಷೆ ಮಾಡ್ತಿದ್ದೀನಿ ಅಂತ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂದ ಮೇಲೆ ನಗು ನಿಂತಿತು.

ಫಿಲೋಮಿನಾ ಮೇಡಂ ಓಡಿ ಬಂದು ನನ್ನ ಗಂಟಲು ಮುಟ್ಟಿ ನೋಡಿದರು. "ಪೂರ್ತಿ ಕೂತುಹೋಗಿದೆ ಅಮ್ಮಾ. ಒಂದು ವಾರ ಮಾತಾಡೋ ಹಾಗಿಲ್ಲ ನೀವು" ಅಂದರು. ಆಮೇಲೆ ತೊಟ್ಟಿ ಕಡೆ ನೋಡಿ, "ನಾನು ಬೆಚ್ಚಗೆ ಇಡ್ತೀನಿ, ಕಲಕ್ತಾನೇ ಇರ್ತೀನಿ, ಹಳೇ ಹರಳು ಒಂದು ಹಿಡಿ ಹಾಕಿ ನೋಡ್ತೀನಿ. ಆದರೆ ಬಿಸಿಲು ಇಳಿಯೋದರೊಳಗೆ ಯಾರಾದರೂ ಮಾತಾಡದೇ ಇದ್ದರೆ ಇದು ಅಂಟಾಗಿ ನಿಂತುಬಿಡುತ್ತೆ" ಅಂದರು. ಪಾಪ, ಅವರು ಮಾಡೋದನ್ನೆಲ್ಲ ಮಾಡಿದರು. ದಾವೂದ್ ಸಾಹೇಬರು ಮೇಲಿನ ಮೆಟ್ಟಿಲಲ್ಲಿ ಕೂತು ಗಡ್ಡ ಹಿಡ್ಕೊಂಡಿದ್ದರು. "ನಾನು ನಮ್ಮೂರಿನ ಕಥೆ ಬೇಕಾದಷ್ಟು ಹೇಳಬಲ್ಲೆ" ಅಂದರು. "ಅದು ನಡೆಯಲ್ಲ ಸಾಹೇಬ್ರೇ, ಇದು ಬಲು ಹಟಮಾರಿ ತೊಟ್ಟಿ, ಊರಿಂದು ಮಾತ್ರ ಕೇಳೋದು" ಅಂತ ಯಾರೋ ಹೇಳಿದರು.

ಮೈಕ್ ಪಾಪಣ್ಣ ಎದ್ದು ನಿಂತ. ತಪ್ಪು ತನ್ನದೂ ಇದೆ ಅಂತ ಅವನಿಗೆ ಗೊತ್ತಿತ್ತು. "ಚೆನ್ನಾಜಕ್ಕ, ನಿಮ್ಮ ಹತ್ರ ಎತ್ತಿಟ್ಟಿರೋ ಸುದ್ದಿ ನನ್ನ ಕಿವೀಲಿ ಉಸುರಿ, ನಾನು ಹೇಳ್ತೀನಿ" ಅಂದ. ಸರಿ ಅಂತ ಉಸುರಿದೆ. ಎಷ್ಟು ಒಳ್ಳೊಳ್ಳೆ ಸುದ್ದಿಗಳು ಅಂತೀರಿ! ಅವನು ಮಣೆ ಮೇಲೆ ಕೂತು, ಗಂಟಲು ಸರಿ ಮಾಡ್ಕೊಂಡು, "ಆತ್ಮೀಯ ನಾಗರಿಕ ಬಂಧುಗಳೇ! ಕೆಳಗಿನ ಬೀದಿ ಪುಟ್ಟಗೌರಮ್ಮನವರ ಹಸು ಕಟ್ಟಿದ ಹಗ್ಗ ಬಿಚ್ಚಿಕೊಂಡು ಪೊಲೀಸ್ ಠಾಣೆಗೆ ಹೋಗಿ ಅಲ್ಲಿಯೇ ಕರು ಹಾಕಿರುತ್ತದೆ. ಧನ್ಯವಾದಗಳು" ಅಂದ. ಮುಗೀತು! ಅಯ್ಯೋ ನಿನ್ನ! ಅದರಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ ತೇಲಿಸ್ತಿದ್ದೆ. ಹಸು ಠಾಣೆ ಮೆಟ್ಟಿಲು ಹೇಗೆ ಹತ್ತಿತು, ಒಳಗಿದ್ದ ಕಳ್ಳನೇ ಹೇಗೆ ಹೆರಿಗೆ ಮಾಡಿಸಿದ, ದಫೇದಾರರು ಟೋಪಿ ತೆಗೆದು ಹೇಗೆ ಗಾಳಿ ಬೀಸಿದರು, ಏನೂ ಇಲ್ಲ. ತೊಟ್ಟಿಯಲ್ಲಿ ಎರಡು ಮಿಣುಕು ಹೊಳೆದು ಆರಿಹೋಯ್ತು. ಹೀಗೇ ನನ್ನ ಬತ್ತಳಿಕೆಯಲ್ಲಿದ್ದ ಸುದ್ದಿಯೆಲ್ಲ ಅವನು ಧನ್ಯವಾದಗಳಲ್ಲಿ ಮುಗಿಸಿದ. ನಾನು ತಲೆ ಚಚ್ಚಿಕೊಂಡೆ.

ಆಮೇಲೆ ಜನ ಒಬ್ಬೊಬ್ಬರಾಗಿ ಎದ್ದರು. ಒಬ್ಬಳು ಬಂದು ಕೂತು, ಊರನ್ನೆಲ್ಲ ಎದುರಿಗೆ ನೋಡಿ ನಡುಗಿ ಎದ್ದುಹೋದಳು. ಒಬ್ಬ ಶುರು ಮಾಡಿದ ತಕ್ಷಣ ಹಿಂದಿನಿಂದ, "ಅದನ್ನ ನೀನು ಬಸ್ಸಲ್ಲಿ ಹೇಳಿದ್ದೆಯಲ್ಲೋ!" ಅಂತ ಕೂಗಿದರು. ಒಂದು ಅಜ್ಜಿ ತನ್ನ ಸೊಸೆಗೆ ಗೊತ್ತಿಲ್ಲದ ಹಾಗೆ ಬೆಲ್ಲ ಕದ್ದು ತಿನ್ನೋದನ್ನ ಹೇಳಿತು. ಎಲ್ಲರಿಗೂ ಖುಷಿಯಾಯ್ತು, ಸೊಸೆಯೂ ನಕ್ಕಳು, ಆದರೆ ಬೆಲ್ಲ ತಿಂದು ಮುಗಿಸೋಕೆ ಎಷ್ಟು ಹೊತ್ತು ಬೇಕು? ಮಾತು ನಿಂತ ತಕ್ಷಣ ಮಿಣುಕಿದ್ದೂ ಮತ್ತೆ ಲೋಳೆಯಲ್ಲಿ ಮುಳುಗಿತು. ಬಿಸಿಲು ಗೋಡೆಯಿಂದ ಆಚೆ ಸರೀತಾ ಇತ್ತು. ಮೆಟ್ಟಿಲ ಮೇಲೆ ಯಾರೂ ಯಾರ ಮುಖವನ್ನೂ ನೋಡ್ತಿರಲಿಲ್ಲ. ನಾನು ಮಣೆಯನ್ನ ಕೈಯಲ್ಲಿ ಸವರಿದೆ. ಇದೇ ಕೊನೆ ಅಂತ ಅನ್ನಿಸಿ, ಸೆರಗು ಬಾಯಿಗಿಟ್ಟು ಅತ್ತೆ. ಅಳೋಕೂ ಸದ್ದು ಬರಲಿಲ್ಲ.

ಆಗ ನಮ್ಮನೆಯವರು ಬಂದರು. ಹಿಂದಿನ ಗೂಡಂಗಡಿಯಿಂದ ಸುತ್ತು ಹಾಕ್ಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡೇ ಬಂದರು. ನನ್ನ ನೋಡಿದರು, ತೊಟ್ಟಿ ನೋಡಿದರು. "ಯಾಕೆ ಸುಮ್ಮನಿದೀರ ಎಲ್ಲಾ?" ಅಂದರು. ಫಿಲೋಮಿನಾ ಮೇಡಂ ಹೇಳಿದರು. ಇವರು ಮಣೆ ಕಡೆ ಕೈ ತೋರಿಸಿ, "ನಾನು ಕೂತ್ಕೊಳ್ಳಲಾ?" ಅಂತ ಕೇಳಿದರು.

ಊರು ಗೊಳ್ ಅಂತ ನಕ್ಕಿತು. ಅಷ್ಟು ದುಃಖದಲ್ಲೂ ನನಗೇ ನಗು ಬಂತು. ಇವರಾ? ನಾನು ಎದ್ದು ಜಾಗ ಬಿಟ್ಟು ಪಕ್ಕದ ಮೆಟ್ಟಿಲಲ್ಲಿ ಕೂತೆ. ಇವರು ಸ್ಕ್ರೂಡ್ರೈವರ್ ಜೇಬಿಗಿಟ್ಟು, ಪಂಚೆ ಸರಿ ಮಾಡ್ಕೊಂಡು, ಮಣೆ ಮೇಲೆ ಕೂತು, ಯಾರ ಕಡೆಯೂ ನೋಡದೆ ತೊಟ್ಟಿಯನ್ನೇ ನೋಡ್ತಾ ಶುರು ಮಾಡಿದರು.

"ನಂಗೆ ಮಾತು ಬರಲ್ಲ ಅಂತ ನೀವೆಲ್ಲ ಅನ್ಕೊಂಡಿದೀರ. ಬರತ್ತೆ. ಸಂದು ಸಿಕ್ಕಿರಲಿಲ್ಲ, ಅಷ್ಟೇ."

ಜನ ಹೊಟ್ಟೆ ಹಿಡ್ಕೊಂಡು ನಕ್ಕರು. ಪಾಪಣ್ಣ ಮೆಟ್ಟಿಲ ಮೇಲೆ ಉರುಳಾಡಿದ. ನನಗೆ ಮೈಯೆಲ್ಲ ಉರಿದುಹೋಯ್ತು, ಏನ್ರೀ ಅಂತ ಗದರೋಕೆ ಬಾಯಿ ತೆಗೆದರೆ ಬರೀ ಗಾಳಿ. ಅಷ್ಟರಲ್ಲಿ ಮುಂದಿನ ಸಾಲಿನ ಹೆಂಗಸು, "ನೋಡ್ರೇ, ನೋಡ್ರೇ" ಅಂತ ತೊಟ್ಟಿ ತೋರಿಸಿದಳು. ಒಂದು ಮೂಲೇಲಿ ಹೊಳಪು ಕಂಡಿತ್ತು.

"ಇವಳ ತೌರುಮನೆ ಇದೇ ಊರಿನ ಮೇಲಿನ ಬೀದೀಲಿ" ಅಂತ ಇವರು ಮುಂದುವರಿಸಿದರು. "ಆಗ ನಾನು ಮನೆಮನೆಗೆ ಹೋಗಿ ರೇಡಿಯೋ ರಿಪೇರಿ ಮಾಡ್ತಿದ್ದೆ. ಇವರಪ್ಪ ಕರೆದರು, ಕರಕರ ಅಂತಿದೆ ಬಂದು ನೋಡು ಅಂತ. ಹೋದೆ. ಹಿಂದಿನ ಮುಚ್ಚಳ ಬಿಚ್ಚಿದೆ. ಒಂದು ಜಿರಳೆ ಇತ್ತು, ತೆಗೆದು ಹಾಕಿದೆ, ಸರಿಹೋಯ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ದನಿ ಕೇಳಿಸ್ತು. ಯಾರ ಜೊತೆ ಜಗಳ ಅಂತ ಕಿವಿ ಕೊಟ್ಟೆ. ಹಾಲಿನ ಪಾತ್ರೆ ಜೊತೆ. ನಾನು ಇತ್ತ ತಿರುಗಿದಾಗಲೇ ಉಕ್ತೀಯಲ್ಲ, ನಿನಗೆ ನಾನು ಏನು ಕಮ್ಮಿ ಮಾಡಿದ್ದೀನಿ, ದಿನಾ ಹುಣಸೆಹಣ್ಣು ಹಾಕಿ ಬೆಳಗಲ್ವಾ, ಅಂತ ಕೇಳ್ತಿದ್ದಳು. ಪಾತ್ರೆ ಉತ್ತರ ಕೊಡ್ತಿದೆಯೇನೋ ಅನ್ನೋ ಹಾಗೆ ನಡುನಡುವೆ ನಿಲ್ಲಿಸ್ತಿದ್ದಳು. ನಾನು ಸ್ಕ್ರೂ ಕೈಯಲ್ಲಿ ಹಿಡ್ಕೊಂಡು ಕೂತುಬಿಟ್ಟೆ. ನಮ್ಮವ್ವ ತನ್ನ ಮಾತನ್ನೆಲ್ಲ ಈ ತೊಟ್ಟಿಗೇ ಎತ್ತಿಡೋಳು, ಹಾಗಾಗಿ ನಮ್ಮ ಮನೇಲಿ ಎಲ್ಲರೂ ನನ್ನ ಥರ. ಊಟಕ್ಕೆ ಕೂತರೆ ಅಗಿಯೋ ಸದ್ದು ಬಿಟ್ಟು ಇನ್ನೊಂದು ಸದ್ದಿಲ್ಲ. ಇವರಪ್ಪ ಬಂದು, ಸರಿಹೋಯ್ತೇನಪ್ಪಾ ಅಂದರು. ನಾನು ಇಲ್ಲ ಅಂದೆ. ಸ್ಪೀಕರಿನ ಒಂದು ವೈರು ಕಿತ್ತಿಟ್ಟು, ನಾಳೆ ಬರ್ತೀನಿ ಅಂದೆ."

ಇದು ನನಗೆ ಗೊತ್ತೇ ಇರಲಿಲ್ಲ! ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಈ ಮನುಷ್ಯ ಬಾಯಿ ಬಿಟ್ಟಿರಲಿಲ್ಲ.

"ಮಾರನೇ ದಿನ ಹೋದೆ. ವೈರು ಹಾಕಿ, ಇನ್ನೊಂದು ಕಿತ್ತೆ. ಅವತ್ತು ಇವಳು ಬೆಕ್ಕಿಗೆ ಬುದ್ಧಿ ಹೇಳ್ತಿದ್ದಳು. ಅದರ ಮಾರನೇ ದಿನ ಹೋದಾಗ ಪಕ್ಕದ ಮನೆಯವರ ಮದುವೆ ಹೇಗೆ ನಡೀತು ಅಂತ ಒರಳಿಗೆ ಹೇಳ್ತಿದ್ದಳು. ಇವರಪ್ಪ ಒಳ್ಳೇ ಮನುಷ್ಯ. ಈ ರೇಡಿಯೋಗೆ ಯಾವ ಗ್ರಹ ಹಿಡಿದಿದೆಯೋ ಅಂತ ಒಂದು ನಿಂಬೆಹಣ್ಣು ಇಳಿ ತೆಗೆದು ರೇಡಿಯೋಗೆ ಕಟ್ಟಿದ್ದರು."

ಜನ ನಗೋದು ನಿಲ್ಲಿಸ್ತಾನೇ ಇರಲಿಲ್ಲ. ನನಗೆ ಒಂದು ಕಡೆ ಸಿಟ್ಟು, ಒಂದು ಕಡೆ ನಗು. ನಮ್ಮಪ್ಪ ಆ ರೇಡಿಯೋನ ಬೈಯದ ದಿನ ಇರಲಿಲ್ಲ! ದಸರಾ ಕಾಮೆಂಟರಿ ಕೇಳೋಕೆ ಪಕ್ಕದ ಮನೆ ಕಿಟಕಿ ಹತ್ರ ಹೋಗಿ ನಿಲ್ತಿದ್ದರು ಪಾಪ. ನಾನು ಇವರ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಇವರು ಅಲುಗಾಡಲಿಲ್ಲ.

"ಕೊನೆಗೆ ಒಂದು ದಿನ ರೇಡಿಯೋ ಸರಿ ಮಾಡಿಕೊಟ್ಟು, ಇದು ಇನ್ನು ಕೆಡಲ್ಲ, ಆದರೆ ನಿಮ್ಮ ಮಗಳನ್ನ ನಂಗೆ ಕೊಡ್ತೀರಾ ಅಂತ ಕೇಳಿದೆ. ಅವರು ನಂಗೆ ಬುದ್ಧಿ ಹೇಳಿದರು, ನೋಡಪ್ಪಾ, ಇವಳು ಬಲು ಮಾತಿನವಳು, ನೀನು ಸಾಧು, ನಿಂಗೆ ತಡೆಯೋಕಾಗಲ್ಲ ಅಂತ. ನಾನು, ಆಗುತ್ತೆ ಅಂದೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಇವಳು ಕೇಳಿದಳು, ರೀ, ನಾನು ಇಷ್ಟೊಂದು ಮಾತಾಡ್ತೀನಲ್ಲ, ನಿಮಗೆ ಬೇಜಾರಿಲ್ವಾ ಅಂತ. ನಾನು ಉತ್ತರ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಇವಳು ಬದನೆಕಾಯಿ ವಿಷಯಕ್ಕೆ ಹೋಗಿದ್ದಳು."

ಈ ಸಲ ದಾವೂದ್ ಸಾಹೇಬರು ನಕ್ಕ ಸದ್ದು ಎಲ್ಲರಿಗಿಂತ ಜೋರಾಗಿತ್ತು. ತೊಟ್ಟಿಯ ಲೋಳೆ ಒಡೀತಾ ಇತ್ತು. ಅಂಚಿನಲ್ಲಿ ತಿಳಿನೀರು ಕಾಣಿಸಿಕೊಂಡು, ಅದರೊಳಗೆ ಹರಳು ಮಿಣುಮಿಣು ಅಂತ ಇಳೀತಾ ಇದ್ದವು. ಫಿಲೋಮಿನಾ ಮೇಡಂ ಕಲಕೋ ಕೈ ನಿಲ್ಲಿಸದೆ, "ಬಿಡಬೇಡಿ ಅಣ್ಣಾ, ಹೇಳ್ತಾ ಇರಿ, ಹೇಳ್ತಾ ಇರಿ" ಅಂದರು.

"ಮರಿಸ್ವಾಮಿ ಒಂದು ಮಿಕ್ಸಿಗೆ ಒಂದು ವಾರ ತಗೋತಾನೆ ಅಂತ ನೀವೆಲ್ಲ ಬೈತೀರಿ" ಅಂದರು ಇವರು. "ನಿಜ. ನನ್ನ ಅಂಗಡಿ ಗೋಡೆಯ ಆಚೆಗೇ ಈ ಮಣೆ. ಇವಳು ಇಲ್ಲಿ ಮಾತಾಡ್ತಿದ್ದರೆ ನಾನು ಡ್ರಿಲ್ ಹಾಕಲ್ಲ, ಮೋಟಾರು ತಿರುಗಿಸಲ್ಲ. ಸದ್ದಾದರೆ ಕೇಳಿಸಲ್ಲವಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಳ್ಳೆ ಮಳಿಗೆ ಬಂದಿತ್ತು. ಅಲ್ಲಿಗೆ ಇವಳ ದನಿ ಮುಟ್ಟಲ್ಲ. ನಮ್ಮವ್ವ ಹೋದ ಮೇಲೆ ಇವಳು ಮೊದಲ ಸಲ ಈ ಮಣೆ ಮೇಲೆ ಕೂತಳಲ್ಲ, ನೆನಪಿದೆಯಾ ನಿಮಗೆ? ಶುರುವಿನಲ್ಲಿ ದನಿ ನಡುಗ್ತಿತ್ತು. ಎರಡು ಮಾತಾಡಿ ನಿಲ್ಲಿಸಿದಳು. ನಾನು ಆಚೆ ಕಡೆ ಗೋಡೆಗೆ ಎರಡೂ ಕೈ ಒತ್ತಿ ಹಿಡ್ಕೊಂಡು ನಿಂತಿದ್ದೆ, ನನ್ನ ಕೈಯಿಂದ ಏನೋ ಇವಳಿಗೆ ಹೋಗುತ್ತೆ ಅನ್ನೋ ಹಾಗೆ. ಹುಚ್ಚುತನ. ಆಮೇಲೆ ಇವಳು ಶುರು ಮಾಡಿದಳು ನೋಡಿ, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಒಬ್ಬನೇ ಆ ಗೂಡಲ್ಲಿ ಕುಣಿದೆ. ನಿಜವಾಗ್ಲೂ. ಒಂದು ಫ್ಯಾನು ಬಿದ್ದು ರೆಕ್ಕೆ ಮುರೀತು. ಅದು ಈ ಮೇಡಮ್ಮಿಗಿಂತ ಮೊದಲಿದ್ದ ಕೆಮಿಸ್ಟರ ಫ್ಯಾನು. ಅವರಿಗೆ ಇಲಿ ಬೀಳಿಸ್ತು ಅಂದೆ. ಇವತ್ತು ಬೆಳಗ್ಗೆಯಿಂದ ಗೋಡೆ ಸುಮ್ಮನಿತ್ತು. ಪಾಪಣ್ಣನ ದನಿ ಬಂತು, ಯಾರ್‍ಯಾರದೋ ಬಂತು, ಇವಳದ್ದು ಬರಲಿಲ್ಲ. ಈ ದನಿ ಇಲ್ಲದ ದಿನ ನಾನು ಏನು ರಿಪೇರಿ ಮಾಡಿದರೂ ಅದು ರಿಪೇರಿ ಅಲ್ಲ."

ಇಷ್ಟು ಹೇಳಿ ಇವರು ಮಾತು ಮುಗಿಸಿದರು. ನಗ್ತಿದ್ದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ತಿದ್ದರು. ನಾನು ತೊಟ್ಟಿ ನೋಡಿದೆ. ಮೇ‌ಲೆ ತಿಳಿನೀರು, ತಳದಲ್ಲಿ ಒಂದೇ ಸಮ ಹರಳು, ಅಂಥ ನೇರಳೆಯನ್ನ ನಾನು ನನ್ನ ಮಾತಿಂದ ಯಾವತ್ತೂ ಇಳಿಸಿರಲಿಲ್ಲ. ಫಿಲೋಮಿನಾ ಮೇಡಂ ಒಂದು ಹಿಡಿ ಎತ್ತಿ ಬೆರಳ ಸಂದಿನಿಂದ ಸುರಿದು ತೋರಿಸಿದರು, ಸಣ್ಣ ರವೆಯ ಹಾಗೆ ಸರಸರ ಅಂತ ಸುರೀತು. "ಸೋಸೋಕೆ ಬಟ್ಟೆ ತನ್ನಿ!" ಅಂತ ಕೂಗಿದರು. ಪಾಪಣ್ಣ ಕುಣಿದ, ದಾವೂದ್ ಸಾಹೇಬರು ಇಳಿದು ಬಂದು ಇವರ ಎರಡೂ ಕೈ ಹಿಡ್ಕೊಂಡು ಕಣ್ಣಿಗೊತ್ತಿಕೊಂಡರು. ತೊಟ್ಟಿ ಕೆಟ್ಟಿಲ್ಲ ಅಂದ ಮೇಲೆ ಮಣೆ ಬಿಡೋ ಮಾತೇ ಇಲ್ಲ ಅಂತ ಊರು ತೀರ್ಮಾನ ಮಾಡಿತು. ಮಣೆ ನನಗೇ ಉಳೀತು.

ಅವತ್ತಿಂದ ಒಂದು ವಾರ ನನಗೆ ಬಾಯಿ ಮುಚ್ಚಿಕೊಂಡಿರೋ ಶಿಕ್ಷೆ. ಇವರು ಅಂಗಡಿಗೆ ಬೀಗ ಹಾಕಿ ಮನೇಲೇ ಉಳಿದರು. ಅಡುಗೆ ಇವರದೇ. ಸಾರಿಗೆ ಉಪ್ಪು ಜಾಸ್ತಿ, ಪಲ್ಯಕ್ಕೆ ಉಪ್ಪೇ ಇಲ್ಲ, ಆದರೆ ಮಾತು! ಅಬ್ಬಬ್ಬಾ! ಕಟ್ಟೆ ಒಡೆದ ಹಾಗೆ. ಈರುಳ್ಳಿ ಹೆಚ್ತಾ ಹೆಚ್ತಾ, ತಮ್ಮ ಚಿಕ್ಕಂದಿನಲ್ಲಿ ಮೊದಲು ಬಿಚ್ಚಿದ ಗಡಿಯಾರದ ಬಗ್ಗೆ ಹೇಳಿದರು. ಬಟ್ಟೆ ಒಗೀತಾ ನನ್ನ ಯಾವ ಸೀರೆ ಅವರಿಗೆ ಇಷ್ಟ, ಯಾವುದು ಇಷ್ಟ ಇಲ್ಲ ಅಂತ ಹೇಳಿದರು. ಆ ಹಸಿರು ಸೀರೆ ಇಷ್ಟ ಇಲ್ಲವಂತೆ, ಅದನ್ನ ನಾನು ಎಷ್ಟು ವರ್ಷದಿಂದ ಉಡ್ತಿದ್ದೀನಿ! ನಾನು ತಲೆ ಅಲ್ಲಾಡಿಸ್ತಾ, ನಗ್ತಾ, ಒಮ್ಮೊಮ್ಮೆ ಸೌಟಲ್ಲಿ ಹೆದರಿಸ್ತಾ ಕೇಳಿದೆ. ಕೇಳೋದರಲ್ಲಿ ಇಂಥ ಸುಖ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ವಾರ ಮುಗಿಯೋ ಮೊದಲೇ ಒಂದು ಬೆಳಗ್ಗೆ, ಬಚ್ಚಲಲ್ಲಿ ಉಪ್ಪುನೀರು ಮುಕ್ಕಳಿಸ್ತಿದ್ದಾಗ ಮೆಲ್ಲಗೆ ಕೆಮ್ಮಿ ನೋಡಿದೆ. ದನಿ ಬಂತು. ಗಂಟೆ ಹೊಡೆದ ಹಾಗೆ ಸ್ವಚ್ಛ ದನಿ. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಹೊರಗೆ ಇವರು ರೊಟ್ಟಿ ತಟ್ತಾ, ಯಾವುದೋ ಹಳೇ ಸ್ಪೀಕರಿನ ಕಥೆ ಹೇಳ್ತಾ ಇದ್ದರು. ನಾನು ಮಾತಾಡಿದರೆ ಇದು ನಿಂತುಹೋಗುತ್ತಲ್ಲ ಅಂತ ಹೆದರಿಕೆಯಾಯ್ತು. ಸುಮ್ಮನೆ ಹೊರಗೆ ಬಂದು, ಗಂಟಲು ಮುಟ್ಟಿಕೊಂಡು, ಇನ್ನೂ ಇಲ್ಲ ಅಂತ ಕೈಯಾಡಿಸಿದೆ. ಇವರು, "ಆಯ್ತು, ಕೂತ್ಕೋ" ಅಂದು ಕಥೆ ಮುಂದುವರಿಸಿದರು. ಅವತ್ತು ಪೂರ್ತಿ ಹಾಗೇ ಇದ್ದೆ. ಮಾರನೇ ದಿನವೂ ಇದ್ದೆ. ಮಾತಾಡೋಕೆ ನಾಲಿಗೆ ತುರಿಸಿ ತುರಿಸಿ ನನಗೆ ಜೀವ ಹೋಗ್ತಿತ್ತು ಕಣ್ರೀ, ಆದರೂ ತಡ್ಕೊಂಡೆ.

ವಾರದ ಕೊನೇ ದಿನ ಇವರು ಕಾಫಿ ಸೋಸ್ತಾ, ಬೆನ್ನು ನನ್ನ ಕಡೆ ಮಾಡ್ಕೊಂಡು, "ನಿಮ್ಮಕ್ಕನ ಕೈ ಕಾಫಿ ನಿನ್ನದಕ್ಕಿಂತ ಒಂದು ತೂಕ ಮೇಲೆ" ಅಂದರು.

"ಏನಂದ್ರಿ?" ಅಂತ ನನ್ನ ಬಾಯಿಂದ ಹಾರಿಹೋಯ್ತು. ಮೇಲಿನ ಬೀದಿಗೂ ಕೇಳಿಸಿರಬೇಕು. ತಟ್ಟನೆ ಬಾಯಿ ಮುಚ್ಕೊಂಡೆ. ಇವರು ತಿರುಗಿ ನೋಡಿದರು. ಮುಖದಲ್ಲಿ ಆಶ್ಚರ್ಯವೇ ಇಲ್ಲ, ನಗು ಮಾತ್ರ ಇತ್ತು.

"ಬಂತಾ ದನಿ?" ಅಂದರು. "ನಿಂಗೆ ದನಿ ಬಂದು ಎರಡು ದಿನ ಆಯ್ತು. ನಿದ್ದೇಲಿ ಪಾಪಣ್ಣನ್ನ ಬೈತಿದ್ದೆ, ಪೊಲೀಸ್ ಠಾಣೆ ಹಸು ಕಥೆ ಹಾಳು ಮಾಡಿದ ಅಂತ. ಪೂರ್ತಿ ಕೇಳಿಸ್ಕೊಂಡೆ."

ನನಗೆ ನಾಚಿಕೆಯಾಯ್ತು, ನಗುವೂ ಬಂತು. "ಮತ್ತೆ ಗೊತ್ತಿದ್ದೂ ಯಾಕ್ರೀ ಅಷ್ಟೊಂದು ಮಾತಾಡ್ತಾನೇ ಇದ್ರಿ?" ಅಂತ ಕೇಳಿದೆ.

ಇವರು ಕಾಫಿ ಲೋಟ ತಂದು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತರು.

"ನೀನು ಕೇಳ್ತಾ ಇದ್ದೆಯಲ್ಲ" ಅಂದರು.

ನನ್ನ ಹತ್ರ ಹೇಳೋಕೆ ಎರಡು ದಿನದ ಮಾತಿತ್ತು. ಒಂದನ್ನೂ ಹೇಳಲಿಲ್ಲ. ಕಾಫಿ ಕುಡಿದೆ. ಚೆನ್ನಾಗಿತ್ತು.